ನಿರ್ದೇಶಕರಾಗಿ ಅವಿರೋಧ ಆಯ್ಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ನಿರ್ದೇಶಕ ಎಂಬ ಶಬ್ದಕ್ಕೆ ಒಂದೇ ಅರ್ಥ: ಸಂಘದ ನಿರ್ದೇಶಕ. ಯಾವ ಸಂಘ ಎಂಬುದು ಆಮೇಲಿನ ಪ್ರಶ್ನೆ. ಸೇವಾ ಸಹಕಾರಿ ಸಂಘ, ಮಾರಾಟದ ಸಂಘ, ಹಾಲಿನ ಸಂಘ, ಜೇನಿನ ಸಂಘ, ಕೊನೆಗೆ ಭಜನೆಯ ಸಂಘಕ್ಕೂ ಇಲ್ಲಿ ಒಂಬತ್ತು ಜನ ನಿರ್ದೇಶಕರು ಇರುತ್ತಾರೆ. ಮದುವೆಮನೆಯ ಊಟದಲ್ಲಿ ‘ನಿರ್ದೇಶಕರೇ’ ಎಂದು ಯಾರಾದರೂ ಕರೆದರೆ ಮೊದಲ ಪಂಕ್ತಿಯ ಅರ್ಧ ಜನ ಬಾಳೆ ಎಲೆಯಿಂದ ತಲೆ ಎತ್ತುತ್ತಾರೆ. ಸಿನಿಮಾಕ್ಕೂ ನಿರ್ದೇಶಕ ಎಂಬವನೊಬ್ಬ ಇರುತ್ತಾನೆಂದು ಇಲ್ಲಿಯವರಿಗೆ ಗೊತ್ತಿಲ್ಲ ಎಂದಲ್ಲ. ಆದರೆ ಅವನು ಯಾರ ಓಟಿನಿಂದ ಆರಿಸಿ ಬಂದವ ಎಂಬುದು ಅವರಿಗೆ ಇನ್ನೂ ಸ್ಪಷ್ಟವಾಗಿಲ್ಲ.

ಉಲ್ಲಾಸ ಹೆಗಡೆ ಇದನ್ನೆಲ್ಲ ಮೊದಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಉಲ್ಲಾಸ ಹುಟ್ಟಿದ್ದು ಭೈರುಂಬೆ ಕಡೆ. ಹದಿಮೂರು ವರ್ಷದಿಂದ ಶಿರಸಿಯ ಒಂದು ಓಣಿಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಫೋಟೋ ಸ್ಟುಡಿಯೊ ಇಟ್ಟುಕೊಂಡಿದ್ದ. ‘ಗದ್ದ ಸ್ವಲ್ಪ ಕೆಳಗೆ’ ಎಂದು ಅವನಿಂದ ಹೇಳಿಸಿಕೊಳ್ಳದ ಗದ್ದ ಆ ಪೇಟೆಯಲ್ಲಿ ಕಡಿಮೆ. ಅವನ ಕೈ ಒಳ್ಳೆಯದು, ಕಣ್ಣು ಇನ್ನೂ ಒಳ್ಳೆಯದು. ಬಾಯಿ ಮಾತ್ರ ಅವನ ಹಿಡಿತದಲ್ಲಿ ಇರಲಿಲ್ಲ. ಯಾರು ಏನು ಕೇಳಿದರೂ ಅದು ‘ಹೂಂ, ನೋಡೋಣ’ ಎಂದುಬಿಡುತ್ತಿತ್ತು. ಹಾಗೆ ಹೂಂ ಎನ್ನುತ್ತಲೇ ಒಂದೇ ದಿನ ಮೂರು ಮದುವೆ ಒಪ್ಪಿಕೊಂಡು, ಒಂದರಲ್ಲಿ ಧಾರೆ, ಇನ್ನೊಂದರಲ್ಲಿ ಊಟ, ಮೂರನೆಯದರಲ್ಲಿ ಚಪ್ಪರ ಬಿಚ್ಚುವುದನ್ನು ತೆಗೆದ ಇತಿಹಾಸ ಅವನಿಗಿತ್ತು.

ಅವನನ್ನು ದಾರಿಗೆ ತಂದವಳು ಹೆಂಡತಿ ಸ್ಫೂರ್ತಿ. ಅವಳು ಯಲ್ಲಾಪುರ ತಾಲೂಕಿನ ಇಡಗುಂದಿಯವಳು. ಮದುವೆಗೆ ಮುಂಚೆ ಶಾಲೆಯೊಂದರಲ್ಲಿ ಕಲಿಸುತ್ತ, ಮಕ್ಕಳಿಂದ ನಾಟಕ ಆಡಿಸುತ್ತಿದ್ದಳು. ಮೂವತ್ತು ಮಕ್ಕಳನ್ನು ಕಾಡಿನ ಮರಗಳೆಂದು ಅರ್ಧ ಗಂಟೆ ಅಲುಗದಂತೆ ನಿಲ್ಲಿಸಿದ ಹೆಂಗಸಿಗೆ ಒಬ್ಬ ಮದುಮಗನನ್ನು ನೆಟ್ಟಗೆ ನಿಲ್ಲಿಸುವುದು ಯಾವ ಮಹಾ ಕೆಲಸ. ಅವಳು ಹೇಳುವುದು, ಅವನು ತೆಗೆಯುವುದು ಎಂದು ಆದ ಮೇಲೆ ಫೋಟೋಗಳಲ್ಲಿ ಜನ ಜನರಂತೆ ಕಾಣತೊಡಗಿದರು. ಕಳೆದ ವರ್ಷ ಇಬ್ಬರೂ ಸೇರಿ ಬಸ್ಸು ಕಾಯುವವರ ಕುರಿತು ಆರು ನಿಮಿಷದ ಚಿತ್ರವೊಂದನ್ನು ಮಾಡಿದರು. ಅದು ಮೊಬೈಲಿನಿಂದ ಮೊಬೈಲಿಗೆ ಹೋಗಿ ಊರೆಲ್ಲ ಸುತ್ತಿತು. ಬಸ್ಸು ಬರುವುದು ಅದರಿಂದ ಬೇಗವಾಗಲಿಲ್ಲ, ಆದರೆ ಗಂಡಹೆಂಡಿರಿಗೆ ಹೆಸರು ಬಂತು. ಕೂಡಲೇ ಅವರು ‘ಉಲ್ಲಾಸ–ಸ್ಫೂರ್ತಿ, ಸೃಜನಶೀಲ ಛಾಯಾಗ್ರಹಣ ಮತ್ತು ನಿರ್ದೇಶನ’ ಎಂದು ಕಾರ್ಡು ಮಾಡಿಸಿಕೊಂಡರು. ಇನ್ನು ಮೇಲೆ ಬರೀ ಗದ್ದ ನೋಡುವವರಲ್ಲ ನಾವು, ಚಿತ್ರ ಮಾಡುವವರು ಎಂದು ಸ್ಫೂರ್ತಿ ಗಟ್ಟಿ ಮಾಡಿದಳು.

ಆ ಆರು ನಿಮಿಷದ ಚಿತ್ರವನ್ನು ನೋಡಿದವರಲ್ಲಿ ಹೊಸಕೊಪ್ಪದ ಹಾಲಿನ ಸಂಘದ ಅಧ್ಯಕ್ಷರೂ ಒಬ್ಬರು. ಹೊಸಕೊಪ್ಪ ಎಂಬುದು ಸಿದ್ದಾಪುರ ತಾಲೂಕಿನಲ್ಲಿ ದೊಡ್ಮನೆಯಿಂದ ಆಚೆ ಇರುವ ಊರು. ಅಲ್ಲಿಯ ಸಂಘಕ್ಕೆ ಐವತ್ತು ವರ್ಷ ತುಂಬುತ್ತಿತ್ತು. ಸುವರ್ಣ ಮಹೋತ್ಸವಕ್ಕೆ ಅರ್ಧ ಗಂಟೆಯ ಸಾಕ್ಷ್ಯಚಿತ್ರವೊಂದು ಆಗಬೇಕು, ಅದನ್ನು ಉಲ್ಲಾಸ ಹೆಗಡೆಯೂ ಅವನ ಹೆಂಡತಿಯೂ ನಿರ್ದೇಶನ ಮಾಡಲಿ ಎಂದು ಅಧ್ಯಕ್ಷರು ಸಭೆಯಲ್ಲಿ ಹೇಳಿದರು. ಎಲ್ಲರೂ ಒಪ್ಪಿದರು. ಕಾರ್ಯದರ್ಶಿ ನಾಗಪ್ಪನವರು ಠರಾವು ಬರೆದರು.

ನಾಗಪ್ಪನವರು ಇಪ್ಪತ್ತೆಂಟು ವರ್ಷದಿಂದ ಠರಾವು ಬರೆದು ಬರೆದು, ಅವರ ಕೈಗೆ ತನ್ನದೇ ಆದ ಕೆಲವು ವಾಕ್ಯಗಳಿದ್ದವು. ನಿರ್ದೇಶನ ಎಂಬ ಮಾತು ಕಿವಿಗೆ ಬಿದ್ದದ್ದೇ ಕೈ ಹಳೆಯ ಹಳಿ ಹಿಡಿಯಿತು. ‘ಸುವರ್ಣ ಮಹೋತ್ಸವದ ಸಾಕ್ಷ್ಯಚಿತ್ರಕ್ಕೆ’ ಎಂದು ಮೇಲೊಂದು ಸಾಲು ಬರೆದು, ಅದರ ಕೆಳಗೆ ‘ಶ್ರೀ ಉಲ್ಲಾಸ ಹೆಗಡೆ ಹಾಗೂ ಶ್ರೀಮತಿ ಸ್ಫೂರ್ತಿ ಹೆಗಡೆ ಇವರನ್ನು ನಿರ್ದೇಶಕರನ್ನಾಗಿ ಅವಿರೋಧವಾಗಿ ಆಯ್ಕೆ ಮಾಡಲಾಯಿತು’ ಎಂದು ಬರೆದು ಮುಗಿಸಿದರು. ಆಮೇಲೆ ಪತ್ರಿಕೆಯವರಿಗೆ ಕಳಿಸಲೆಂದು ಆ ಪುಟವನ್ನು ಮೊಬೈಲಿನಲ್ಲಿ ಹಿಡಿದರು. ಮೇಲಿನ ಸಾಲು ಫೋಟೋದಿಂದ ಹೊರಗೆ ಉಳಿಯಿತು. ಫೋಟೋ ತೆಗೆಯುವುದು ಎಲ್ಲರ ಕೈಯ ಕೆಲಸ ಅಲ್ಲವೆಂದು ಉಲ್ಲಾಸ ಮೊದಲಿಂದ ಹೇಳುತ್ತ ಬಂದದ್ದು ಸುಳ್ಳಲ್ಲ.

ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ನಿರ್ದೇಶಕರಾಗಿ ಅವಿರೋಧ ಆಯ್ಕೆ’ ಎಂದು ಬಂತು. ಜೊತೆಗೆ ಫೋಟೋ. ಊರಿನವರ ಫೋಟೋ ತೆಗೆಯುತ್ತ ತನ್ನದೊಂದು ಫೋಟೋ ತೆಗೆಸಿಕೊಳ್ಳಲು ಪುರುಸೊತ್ತಾಗದ ಉಲ್ಲಾಸನ ಮದುವೆಯ ಫೋಟೋವನ್ನೇ ವರದಿಗಾರ ಎಲ್ಲಿಂದಲೋ ಹುಡುಕಿ ಹಾಕಿದ್ದ. ಅದರಲ್ಲಿ ಗಂಡಹೆಂಡತಿ ಇಬ್ಬರೂ ಬಾಸಿಂಗ ಕಟ್ಟಿಕೊಂಡು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಬಹಳ ಜವಾಬ್ದಾರಿ ಹೊತ್ತವರಂತೆ ಕಾಣುತ್ತಿದ್ದರು.

ಆ ದಿನ ಸ್ಫೂರ್ತಿ ಯಲ್ಲಾಪುರದಲ್ಲಿ ಒಂದು ನಾಮಕರಣದ ಕೆಲಸಕ್ಕೆ ಹೋಗಿದ್ದಳು. ಉಲ್ಲಾಸ ಒಬ್ಬನೇ ಸ್ಟುಡಿಯೊದ ಬಾಗಿಲು ತೆರೆದ. ಒಂಬತ್ತು ಗಂಟೆಗೆ ಕೆಳಗಿನ ಬೇಕರಿಯವನು ಚೆಂಡುಹೂವಿನ ಮಾಲೆ ಹಿಡಿದು ಮೆಟ್ಟಿಲು ಹತ್ತಿ ಬಂದ. ಉಲ್ಲಾಸ ಪತ್ರಿಕೆ ನೋಡಿದ್ದ. ತಪ್ಪಾಗಿದೆ ಎಂದು ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಮಾಲೆ ಕೊರಳಿಗೆ ಬಿತ್ತು, ಎರಡು ಚೆಂಡುಹೂವು ತುಟಿಗೆ ಅಡ್ಡ ಬಂದವು. ಅವುಗಳನ್ನು ಸರಿಸಿಕೊಳ್ಳುವಷ್ಟರಲ್ಲಿ ಆ ಬಾಯಿ ತನ್ನ ಪಾಡಿಗೆ ತಾನು ‘ಎಲ್ಲ ನಿಮ್ಮ ಆಶೀರ್ವಾದ’ ಎಂದುಬಿಟ್ಟಿತ್ತು.

ಹದಿಮೂರು ವರ್ಷ ಬೇರೆಯವರ ಕೊರಳಿನ ಮಾಲೆ ಸರಿಮಾಡಿದವನಿಗೆ ತನ್ನ ಕೊರಳಲ್ಲಿ ಮಾಲೆ ಬಿದ್ದಾಗ ಏನನ್ನಿಸುತ್ತದೆ ಎಂಬುದನ್ನು ನಾವು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಮಧ್ಯಾಹ್ನದವರೆಗೆ ಅನುಭವಿಸಿ ಆಮೇಲೆ ಹೇಳಿದರಾಯಿತು ಎಂದುಕೊಂಡ. ಮಧ್ಯಾಹ್ನಕ್ಕೆ ಮಾಲೆ ನಾಲ್ಕಾಯಿತು. ಸಂಜೆಗೆ ಏಳು.

ಯಲ್ಲಾಪುರದಿಂದ ಬಂದ ಸ್ಫೂರ್ತಿ ಟ್ರೈಪಾಡಿಗೆ ತೂಗುಹಾಕಿದ್ದ ಏಳು ಮಾಲೆಗಳನ್ನು ನೋಡಿ ಬಾಗಿಲಲ್ಲೇ ನಿಂತಳು.

“ಇಷ್ಟೆಲ್ಲ ಮಾಲೆ ಎಂತಕ್ಕೆ? ಯಾರು ಹೋದ್ರು?”

ಉಲ್ಲಾಸ ಪತ್ರಿಕೆ ಕೊಟ್ಟ. ಅವಳು ಎರಡು ಸಲ ಓದಿದಳು. ಎಷ್ಟು ಜನರಿಗೆ ಇದು ತಪ್ಪೆಂದು ತಿಳಿಸಿದ್ದೀಯ ಎಂದು ಕೇಳಿದಳು. ಹೇಳಲು ಹೊರಟಿದ್ದೆ, ಹೂವು ಅಡ್ಡ ಬಂತು ಎಂದು ಅವನು ಹೇಳಿದ್ದನ್ನು ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ವರದಿಗಾರನಿಗೆ ಈಗಲೇ ಫೋನು ಮಾಡು, ಇಲ್ಲದಿದ್ದರೆ ನಾಳೆಯಿಂದ ನೀನು ಸಂಘ ನಡೆಸು, ಚಿತ್ರ ನಾನೊಬ್ಬಳೇ ಮಾಡುತ್ತೇನೆ ಎಂದಳು.

ಅವನು ಫೋನು ಮಾಡಿದ. ಇಲ್ಲಿ ಅವನ ಬಾಯಿ ಮತ್ತೊಮ್ಮೆ ಕೈಕೊಟ್ಟಿತು. ತಾನು ಕ್ಯಾಮೆರಾ ನೋಡಿಕೊಳ್ಳುವವನು, ನಿಜವಾಗಿ ನಿರ್ದೇಶನ ಹೆಂಡತಿಯದೇ, ಅವಳೇ ಮುಖ್ಯ ಎಂದು ಅವನು ವಿನಯದಿಂದ ವಿವರಿಸಿದ. ವರದಿಗಾರನೂ ಆಸ್ಥೆಯಿಂದ ಬರೆದುಕೊಂಡ. ಮಾರನೆಯ ದಿನ ಅದೇ ಜಾಗದಲ್ಲಿ ‘ತಿದ್ದುಪಡಿ’ ಎಂಬ ತಲೆಬರಹದ ಕೆಳಗೆ, ಹೊಸಕೊಪ್ಪದ ಹಾಲಿನ ಸಂಘಕ್ಕೆ ಉಲ್ಲಾಸ ಹೆಗಡೆಯವರು ನಿರ್ದೇಶಕರಾಗಿಯೂ ಅವರ ಪತ್ನಿ ಸ್ಫೂರ್ತಿಯವರು ಮುಖ್ಯ ನಿರ್ದೇಶಕರಾಗಿಯೂ ಆಯ್ಕೆಯಾಗಿದ್ದಾರೆ ಎಂದು ಬಂತು. ಸಹಕಾರ ಚಳವಳಿಯ ಇಷ್ಟು ವರ್ಷದ ಚರಿತ್ರೆಯಲ್ಲಿ ಮುಖ್ಯ ನಿರ್ದೇಶಕ ಎಂಬ ಹುದ್ದೆ ಎಲ್ಲೂ ಇರಲಿಲ್ಲ. ಓದಿದವರು ಇದೇನೋ ಹೊಸ ಕಾನೂನು ಬಂದಿರಬೇಕೆಂದು ಗೌರವದಿಂದ ಸುಮ್ಮನಾದರು.

ಸುಮ್ಮನಾಗದವರು ಒಬ್ಬರೇ. ಅವರು ಉಲ್ಲಾಸನ ಸೋದರಮಾವ, ದೊಡ್ಮನೆಯ ದೇವರು ಹೆಗಡೆ. ಹೆಸರೇ ದೇವರು, ತಂದೆತಾಯಿ ಇಟ್ಟದ್ದು. ಹೊಸಕೊಪ್ಪದ ಸಂಘಕ್ಕೆ ಮೂವತ್ತು ವರ್ಷದಿಂದ ಎರಡು ಹೊತ್ತೂ ಹಾಲು ಹಾಕುವವರು. ಅದರ ನಿರ್ದೇಶಕನಾಗಬೇಕೆಂದು ಮೂರು ಸಲ ಚುನಾವಣೆಗೆ ನಿಂತು ಮೂರು ಸಲವೂ ಸೋತವರು. ಹದಿಮೂರು ನಿರ್ದೇಶಕರಲ್ಲಿ ಒಬ್ಬರು ತೀರಿಕೊಂಡು, ಇನ್ನೊಬ್ಬರು ಊರು ಬಿಟ್ಟು ಎರಡು ಜಾಗ ಖಾಲಿ ಬಿದ್ದಾಗಿನಿಂದ ಅವರು ಹಾಲು ಹಾಕಿ ಬಂದದ್ದಲ್ಲದೆ ದಿನಕ್ಕೆ ಇನ್ನೆರಡು ಸಲ ಡೇರಿಯ ಮುಂದೆ ಹಾದು ಹೋಗುತ್ತಿದ್ದರು. ಈಗ ಆ ಎರಡೂ ಜಾಗಕ್ಕೆ ಒಂದು ದನದ ಬಾಲವನ್ನೂ ಹಿಡಿದು ಗೊತ್ತಿಲ್ಲದ ಅಳಿಯ, ಅವನ ಹೆಂಡತಿ. ದೇವರು ಮುನಿದರು.

ಅವರು ಶಿರಸಿಗೆ ಬಂದು, ಸ್ಟುಡಿಯೊದ ಬೆಂಚಿನ ಮೇಲೆ ಕುಳಿತು, ಚಾ ಬೇಡವೆಂದು ಹೇಳಿ, ಚಾ ಕುಡಿದು, ಆಮೇಲೆ ಮಾತಾಡಿದರು.

“ತಮಾ, ಮೂರು ಸಲ ನಿಂತ್ರೂ ನನ್ನ ಆರಿಸಿದ್ವಿಲ್ಲೆ. ನಿನ್ನ ನಿಲ್ದೇ ಇದ್ರೂ ಆರಿಸಿದ್ದೊ. ಇದು ಎಂತಾ ನ್ಯಾಯ ಹೇಳಿ ನೀನೇ ಹೇಳು.”

ಉಲ್ಲಾಸ ಇದು ಚಿತ್ರದ ನಿರ್ದೇಶನ ಎಂದು ಈ ಸಲ ನಿಜವಾಗಿ ಹೇಳಿದ. ಕಾರ್ಡು ತೋರಿಸಿದ. ಗೆದ್ದವನು ಸೋತವನಿಗೆ ಸಮಾಧಾನ ಮಾಡಲು ಹೇಳುವ ಮಾತು ಇದು ಎಂದು ಮಾವ ತಿಳಿದರು. ಕಾರ್ಡಿನ ಮೇಲೆ ‘ನಿರ್ದೇಶನ’ ಎಂದು ಆಗಲೇ ಅಚ್ಚು ಹಾಕಿಸಿದ್ದನ್ನು ನೋಡಿದ ಮೇಲಂತೂ ಇದು ಬಹಳ ದಿನದ ಸಂಚು ಎಂದು ಅವರಿಗೆ ಖಾತ್ರಿಯಾಯಿತು. ಹೋಗುವಾಗ ಮುಂದಿನದನ್ನು ಇಲಾಖೆ ನೋಡಿಕೊಳ್ಳುತ್ತದೆ ಎಂದು ಹೇಳಿ ಹೋದರು.

ಆ ವಾರವೇ ಇಡಗುಂದಿಯಿಂದ ಸಾಮಾನು ಸಾಗಿಸುವ ರಿಕ್ಷಾವೊಂದು ಬೇಕರಿಯ ಮುಂದೆ ಬಂದು ನಿಂತಿತು. ಅದರಲ್ಲಿ ಒಂದು ಬಿಳಿ ಆಕಳು, ಒಂದು ಹೊರೆ ಹುಲ್ಲು, ಒಂದು ಚೀಟಿ. ಚೀಟಿ ಸ್ಫೂರ್ತಿಯ ತಂದೆಯದು. ಹಾಲು ಹಾಕದವರು ಹಾಲಿನ ಸಂಘದ ನಿರ್ದೇಶಕರಾಗಲು ಬರುವುದಿಲ್ಲವೆಂದು ಯಾರೋ ತಿಳಿದವರು ಹೇಳಿದರು, ಮಗಳ ಹುದ್ದೆಗೆ ತೊಂದರೆ ಆಗಬಾರದೆಂದು ಬೆಳ್ಳಿಯನ್ನು ಕಳಿಸಿದ್ದೇನೆ, ಎಡಗಡೆಯಿಂದ ಹೋದರೆ ಒದೆಯುತ್ತಾಳೆ ಎಂದು ಅದರಲ್ಲಿ ಬರೆದಿತ್ತು. ಬೆಳ್ಳಿಯನ್ನು ಸ್ಟುಡಿಯೊದ ಮೆಟ್ಟಿಲಿನ ಕಂಬಿಗೆ ಕಟ್ಟಿದರು. ಅವಳು ಮೊದಲ ದಿನವೇ, ಬಾಡಿದವೆಂದು ಕೆಳಗೆ ತಂದಿಟ್ಟಿದ್ದ ಏಳು ಮಾಲೆಗಳನ್ನೂ ತಿಂದಳು. ಎರಡನೆಯ ದಿನ ಬೇಕರಿಯ ಬನ್ನಿನ ತಟ್ಟೆಗೆ ಬಾಯಿ ಹಾಕಿದಳು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಎಡಗಡೆಯೋ ಬಲಗಡೆಯೋ ತಿಳಿಯದೆ ಕೆಳಗಿನಿಂದಲೇ ಹಿಂದೆ ಹೋದರು. ಯಾರ ಕೈಗೂ ಹಾಲು ಕೊಡದ ಬೆಳ್ಳಿ ಕೊನೆಗೆ ಪಕ್ಕದ ಹೊಲಿಗೆ ಅಂಗಡಿಯ ಹೆಂಗಸಿನ ಕೈಗೆ ಒಲಿದಳು. ಆ ಹೆಂಗಸು ಹಾಲು ಕರೆದುಕೊಡುತ್ತ, ತಮ್ಮ ಓಣಿಯಲ್ಲೂ ಒಂದು ಸಂಘ ಮಾಡಿದರೆ ಹೇಗೆ ನಿರ್ದೇಶಕರೇ ಎಂದು ಕೇಳಿದಳು. ಉಲ್ಲಾಸ ‘ಹೂಂ, ನೋಡೋಣ’ ಎಂದ.

ಸ್ಫೂರ್ತಿ ಇದಾವುದಕ್ಕೂ ಸೊಪ್ಪು ಹಾಕಲಿಲ್ಲ. ಜನ ಏನಾದರೂ ತಿಳಿದುಕೊಳ್ಳಲಿ, ಒಪ್ಪಿಕೊಂಡ ಚಿತ್ರ ಆಗಬೇಕು, ಅದೂ ಎಲ್ಲರೂ ಕೂತು ನೋಡುವಂತೆ ಆಗಬೇಕು ಎಂಬುದು ಅವಳ ಹಟ. ಚಳಿ ಬಿದ್ದ ಒಂದು ಸೋಮವಾರ ಬೆಳಗಿನ ಆರು ಗಂಟೆಗೆ ಇಬ್ಬರೂ ಹೊಸಕೊಪ್ಪದ ಡೇರಿಯ ಮುಂದೆ ಕ್ಯಾಮೆರಾ ಹೂಡಿದರು.

ಅವಳ ಯೋಜನೆ ಸರಳವಾಗಿತ್ತು. ಜನ ದಿನದಂತೆ ಹಾಲು ತರಲಿ, ಐವತ್ತು ವರ್ಷದ ನೆನಪು ಒಂದೆರಡು ಮಾತಿನಲ್ಲಿ ಹೇಳಲಿ. ಆದರೆ ನಿರ್ದೇಶಕರಿಬ್ಬರೂ ಖುದ್ದು ತಪಾಸಣೆಗೆ ಬಂದಿದ್ದಾರೆಂದು ಊರಿಗೆ ಆಗಲೇ ಗೊತ್ತಾಗಿತ್ತು. ಗಂಡಸರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಹೆಂಗಸರು ಮದುವೆಗೆ ಹೋಗುವ ಸೀರೆ ಉಟ್ಟು ಹಾಲಿನ ಕ್ಯಾನು ಹಿಡಿದು ಬಂದರು. ನೆನಪು ಹೇಳಿ ಎಂದರೆ ದೂರು ಹೇಳಿದರು.

ಸೋಮ ಎಂಬ ಹಿರಿಯ ರೈತ ಕ್ಯಾಮೆರಾದ ಮುಂದೆ ಕೈಕಟ್ಟಿ ನಿಂತು, ಹಾಲಿನ ಟ್ಯಾಂಕರು ಹೇಳಿದ ಹೊತ್ತಿಗಿಂತ ಅರ್ಧ ತಾಸು ಮುಂಚೆ ಬಂದು ಹೋಗುತ್ತದೆ, ಮೇಲಿನ ಕೇರಿಯವರ ಹಾಲು ಹಾಗೇ ಉಳಿಯುತ್ತದೆ ಎಂದ. ಸಂಘ ಶುರುವಾದ ದಿನ ನೆನಪಿದೆಯೇ ಎಂದು ಸ್ಫೂರ್ತಿ ಕೇಳಿದ್ದಕ್ಕೆ, ನೆನಪಿದೆ, ಆ ದಿನ ಟ್ಯಾಂಕರು ಸರಿಯಾದ ಹೊತ್ತಿಗೆ ಬಂದಿತ್ತು ಎಂದ. ಅವನ ಹಿಂದೆ ದುರ್ಗಿ ಬಂದಳು. ಎಪ್ಪತ್ತು ದಾಟಿದ, ಎರಡು ಎಮ್ಮೆ ಸಾಕಿಕೊಂಡ ಹೆಂಗಸು. ಅವಳು ಮಾತಿಗಿಂತ ಮುಂಚೆ ಡೇರಿಯ ಮೆಟ್ಟಿಲು ತೋರಿಸಿದಳು. ಮೂರೇ ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಕಟ್ಟಿದವನು ಆನೆ ಹಾಲು ತರುತ್ತದೆಂದು ತಿಳಿದಿದ್ದನೋ ಏನೋ. ಕಳೆದ ವರ್ಷ ಅಲ್ಲೇ ಬಿದ್ದು ಹಾಲೂ ಚೆಲ್ಲಿತು, ಕೈಯೂ ಮುರಿಯಿತು, ಮುರಿದ ಕೈಯಲ್ಲೇ ಮಾರನೆಯ ವಾರ ಹಾಲು ತಂದೆ ಎಂದು ಅವಳು ದುಃಖವಿಲ್ಲದೆ, ಲೆನ್ಸಿನ ಕಡೆಗೇ ನೋಡುತ್ತ ಹೇಳಿದಳು. ಹೇಳಿ ಮುಗಿಸಿ ಕ್ಯಾಮೆರಾದ ಹಿಂದಿದ್ದ ಉಲ್ಲಾಸನ ಮುಖ ನೋಡಿದಳು. ಅವನು ‘ಹೂಂ, ನೋಡೋಣ’ ಎಂದ.

ಅವನಿಗೆ ಅದು ಉಸಿರಾಟದಷ್ಟೇ ಸಹಜವಾದ ಮಾತು. ಹೊಸಕೊಪ್ಪದಲ್ಲಿ ಅದು ನಿರ್ದೇಶಕರ ಭರವಸೆಯಾಯಿತು. ಮೂರನೆಯ ದಿನಕ್ಕೆ ದೂರು ಹೇಳುವವರ ಸಾಲು ರಸ್ತೆಯ ತಿರುವಿನವರೆಗೆ ನಿಂತಿತು. ಹೊಸ ನಿರ್ದೇಶಕರು ಮೆಟ್ಟಿಲು ಒಡೆಸುತ್ತಾರಂತೆ, ಟ್ಯಾಂಕರಿನ ಹೊತ್ತು ಬದಲಿಸುತ್ತಾರಂತೆ, ದನದ ಡಾಕ್ಟರನ್ನು ವಾರಕ್ಕೊಮ್ಮೆ ಕರೆಸುತ್ತಾರಂತೆ ಎಂದು ಸುದ್ದಿಯಾಯಿತು. ಹನ್ನೊಂದು ಜನ ನಿಜವಾದ ನಿರ್ದೇಶಕರಿಗೆ ಇದನ್ನು ಸಹಿಸಲಾಗಲಿಲ್ಲ. ಇವರಿಬ್ಬರೂ ಬರೀ ಚಿತ್ರದವರು ಎಂದು ಹೇಳಿದರೆ ಹೊಟ್ಟೆಕಿಚ್ಚು ಎಂದರು ಜನ. ನಾಲ್ಕನೆಯ ದಿನದಿಂದ ಆ ಹನ್ನೊಂದು ಜನರೂ ಬೆಳಗ್ಗೆ ಆರಕ್ಕೇ ಬಂದು, ಕ್ಯಾಮೆರಾದ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮಫ್ಲರು ಸುತ್ತಿಕೊಂಡು ಸಾಲಾಗಿ ಕೂರತೊಡಗಿದರು. ಐವತ್ತು ವರ್ಷದಲ್ಲಿ ಹೊಸಕೊಪ್ಪದವರು ತಮ್ಮ ನಿರ್ದೇಶಕರನ್ನು ಅಷ್ಟು ಬೆಳಗ್ಗೆ, ಅಷ್ಟು ಜನರನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಸ್ಫೂರ್ತಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಉಲ್ಲಾಸ ಯಾರಿಗೂ ತಿಳಿಯದಂತೆ ಕ್ಯಾಮೆರಾವನ್ನು ಒಂದು ಸುತ್ತು ಹಿಂದಕ್ಕೂ ತಿರುಗಿಸಿದ.

ಅಧ್ಯಕ್ಷರು ಅವಳನ್ನು ಕರೆದು, ಉತ್ಸವಕ್ಕೆ ಬೇಕಾದದ್ದು ದೂರಿನ ಸಿನಿಮಾ ಅಲ್ಲ, ಸಂಘ ನಡೆದು ಬಂದ ದಾರಿ ಎಂದು ನೆನಪಿಸಿದರು. ಅದೇ ದಾರಿಯ ಕೊನೆಗೆ ಮೂರು ಮೆಟ್ಟಿಲಿವೆ, ಅವನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ ಎಂದಳು. ಹಾಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾದೀತು ಎಂದರು ಅಧ್ಯಕ್ಷರು. ನೋಡಿಕೊಳ್ಳಿ, ಅವರು ಬರುವವರೆಗೆ ನಾವು ತೆಗೆಯುತ್ತಿರುತ್ತೇವೆ ಎಂದು ಅವಳು ಮರುದಿನವೂ ಆರು ಗಂಟೆಗೆ ಬಂದಳು.

ಅಷ್ಟರಲ್ಲಿ ಸಹಕಾರ ಇಲಾಖೆಯ ನೋಟೀಸು ಬಂತು. ದೊಡ್ಮನೆಯ ದೇವರು ಹೆಗಡೆಯವರ ತಕರಾರು ಅರ್ಜಿಯ ಮೇಲೆ ವಿಚಾರಣೆ. ಚುನಾವಣೆಯಿಲ್ಲದೆ, ಹಾಲು ಹಾಕದೆ ನಿರ್ದೇಶಕ ಹಾಗೂ ಮುಖ್ಯ ನಿರ್ದೇಶಕರಾದದ್ದು ಹೇಗೆಂದು ಇಬ್ಬರೂ ಬರುವ ಗುರುವಾರ ಹನ್ನೊಂದು ಗಂಟೆಗೆ ಡೇರಿಯಲ್ಲಿ ಹಾಜರಿದ್ದು ವಿವರಿಸಬೇಕು. ಕಾರ್ಯದರ್ಶಿ ಠರಾವು ಪುಸ್ತಕ ಹಾಜರುಪಡಿಸಬೇಕು. ಅಲ್ಲಿಯವರೆಗೆ ಸುವರ್ಣ ಮಹೋತ್ಸವದ ಯಾವ ಕೆಲಸವನ್ನೂ ಮುಂದುವರಿಸಬಾರದು.

ನಾಗಪ್ಪನವರು ಅದನ್ನು ಓದಿ ಎರಡು ದಿನ ಊಟ ಬಿಟ್ಟರು. ಉಲ್ಲಾಸನಿಗೆ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಕಾನೂನಿನ ಹೆದರಿಕೆ ಅವನಿಗೆ ಅಷ್ಟಿರಲಿಲ್ಲ. ಆ ದುರ್ಗಿ ತನ್ನ ಮುಖ ನೋಡಿದ ರೀತಿ ಕಣ್ಣ ಮುಂದೆ ಬರುತ್ತಿತ್ತು. ಎಲ್ಲರ ಎದುರಿಗೆ ನಿಂತು ತಾನೇ ನಿಜ ಹೇಳಬೇಕು, ಈ ಸಲ ಸ್ಫೂರ್ತಿಯಿಂದ ಹೇಳಿಸಬಾರದು ಎಂದು ಗಟ್ಟಿ ಮಾಡಿಕೊಂಡ. ಬುಧವಾರವಿಡೀ ಕತ್ತಲೆ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ‘ಇಲ್ಲ’ ಎಂಬ ಶಬ್ದವನ್ನು ಅಭ್ಯಾಸ ಮಾಡಿದ.

ಗುರುವಾರ ಡೇರಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಇನ್‌ಸ್ಪೆಕ್ಟರು ಕನ್ನಡಕದ, ಮಿತಮಾತಿನ ಮನುಷ್ಯ. ಒಂದು ಬದಿಗೆ ಹನ್ನೊಂದು ನಿರ್ದೇಶಕರು, ಇನ್ನೊಂದು ಬದಿಗೆ ದೇವರು ಮಾವ, ಬಾಗಿಲಿನಲ್ಲೂ ಕಿಟಕಿಯಲ್ಲೂ ಊರು. ಇನ್‌ಸ್ಪೆಕ್ಟರು ಮೊದಲು ಮುಖ್ಯ ನಿರ್ದೇಶಕರು ಯಾರೆಂದು ಕೇಳಿದರು. ಸ್ಫೂರ್ತಿ ಏಳುವ ಮೊದಲೇ ಉಲ್ಲಾಸ ಎದ್ದು ನಿಂತ.

“ಸರ್, ನಾವು ಸಂಘದ ನಿರ್ದೇಶಕರು ಅಲ್ಲ. ಒಂದು ದಿನವೂ ಆಗಿರಲಿಲ್ಲ. ಚಿತ್ರ ಮಾಡೋರು. ಮೊದಲನೇ ಮಾಲೆ ಹಾಕಿಸಿಕೊಂಡಾಗಲೇ ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪು ನನ್ನದು, ನಾಗಪ್ಪನವರದಲ್ಲ.”

ನಾಗಪ್ಪನವರು ಠರಾವು ಪುಸ್ತಕದ ಮೇಲಿನ ಸಾಲಿಗೆ ಬೆರಳಿಟ್ಟು ತೋರಿಸಿದರು. ಇನ್‌ಸ್ಪೆಕ್ಟರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು. ದೇವರು ಮಾವ ಮೇಲಿನ ತೊಲೆಯನ್ನು ನೋಡತೊಡಗಿದರು. ಹನ್ನೊಂದು ನಿರ್ದೇಶಕರ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತು. ಆಗ ಬಾಗಿಲಿನಿಂದ ದುರ್ಗಿ ಕೇಳಿದಳು.

“ಹಂಗಾರೆ ನಾ ಆ ಮೆಟ್ಲು ವಿಚಾರ ಯಾರತ್ರ ಹೇಳಿದ್ದು?”

ಉಲ್ಲಾಸ ತಲೆ ತಗ್ಗಿಸಿದ. ಸ್ಫೂರ್ತಿ ಎದ್ದು, ಚೀಲದಿಂದ ಲ್ಯಾಪ್‌ಟಾಪು ತೆಗೆದು ಇನ್‌ಸ್ಪೆಕ್ಟರರ ಮೇಜಿನ ಮೇಲೆ ಇಟ್ಟಳು. ತಾವು ಚಿತ್ರ ಮಾಡುವವರೇ ಎಂಬುದಕ್ಕೆ ಸಾಕ್ಷಿ ಬೇಕಲ್ಲವೇ, ನೋಡಿ ಎಂದಳು. ಐದು ನಿಮಿಷ ಸಾಕು ಎಂದರು ಅವರು.

ಸೋಮ ಬಂದು ಟ್ಯಾಂಕರಿನ ವಿಷಯ ಹೇಳಿದ. ದುರ್ಗಿ ಬಂದು ಮೆಟ್ಟಿಲು ತೋರಿಸಿದಳು. ಒಬ್ಬರ ಹಿಂದೆ ಒಬ್ಬರು ಬಂದರು. ಇನ್‌ಸ್ಪೆಕ್ಟರು ಐದು ನಿಮಿಷ ಮರೆತರು. ನಡುವೆ ಒಂದು ಕಡೆ ಕ್ಯಾಮೆರಾ ಹಿಂದಕ್ಕೆ ತಿರುಗಿತು. ದುರ್ಗಿಯ ಮುರಿದ ಕೈಯ ಮಾತನ್ನು ಸ್ಫೂರ್ತಿ ಅಲ್ಲಿಗೇ ಜೋಡಿಸಿದ್ದಳು; ಆ ಮಾತು ಕೇಳುತ್ತಿರುವಾಗ ಹನ್ನೊಂದು ಜನ ಮಫ್ಲರಿನಲ್ಲಿ ಬೆಚ್ಚಗೆ ಕೂತಿದ್ದರು. ಒಬ್ಬರು ಆಕಳಿಸುತ್ತಿದ್ದರು, ಇಬ್ಬರು ಮೊಬೈಲು ನೋಡುತ್ತಿದ್ದರು, ಅಧ್ಯಕ್ಷರು ನಿದ್ದೆಯಲ್ಲಿದ್ದರು. ಡೇರಿಯೊಳಗೆ ಯಾರೂ ನಗಲಿಲ್ಲ. ಕಿಟಕಿಯಲ್ಲಿದ್ದವರು ಮಾತ್ರ ಇನ್ನೂ ಒಳಗೆ ಬಾಗಿದರು. ಒಂದು ತಾಸು ಹತ್ತು ನಿಮಿಷದ ಮೇಲೆ ಇನ್‌ಸ್ಪೆಕ್ಟರು ಲ್ಯಾಪ್‌ಟಾಪು ಮುಚ್ಚಿ, ಉಲ್ಲಾಸ ಸ್ಫೂರ್ತಿಯರ ಫೈಲಿನಲ್ಲಿ ಒಂದೇ ಸಾಲು ಬರೆದು ಮುಗಿಸಿದರು. ಆಮೇಲೆ ಹೊಸ ಹಾಳೆ ತೆಗೆದು, ಈ ಮೆಟ್ಟಿಲಿನ ವಿಚಾರ ಯಾವ ವರ್ಷದ ಸಭೆಯಲ್ಲಿ ಬಂದಿತ್ತು ಎಂದು ಅಧ್ಯಕ್ಷರನ್ನು ಕೇಳಿದರು.

ಹೊರಗೆ ಬಂದ ಮೇಲೆ ಅಧ್ಯಕ್ಷರು ಸ್ಫೂರ್ತಿಯನ್ನು ಬದಿಗೆ ಕರೆದು, ಆ ನಿದ್ದೆಯ ತುಂಡನ್ನು ತೆಗೆಯಲು ಏನು ಮಾಡಬೇಕು ಎಂದು ಕೇಳಿದರು. ಅದಕ್ಕಿಂತ ಒಳ್ಳೆಯದು ಸಿಕ್ಕಿದರೆ ತೆಗೆಯಬಹುದು ಎಂದಳು ಅವಳು.

ಮುಂದಿನ ಇಪ್ಪತ್ತು ದಿನ ಹೊಸಕೊಪ್ಪದಲ್ಲಿ ನಡೆದ ಕೆಲಸ ಅದರ ಹಿಂದಿನ ಇಪ್ಪತ್ತು ವರ್ಷದಲ್ಲಿ ನಡೆದಿರಲಿಲ್ಲ. ಮೆಟ್ಟಿಲು ಒಡೆದು ಇಳಿಜಾರು ದಾರಿ ಮಾಡಿದರು, ಬದಿಗೆ ಹಿಡಿಕೆ ಹಾಕಿದರು. ನಿರ್ದೇಶಕರು ತಾವೇ ಸಿಮೆಂಟಿನ ಬುಟ್ಟಿ ಎತ್ತಿದರು. ಎತ್ತುವ ಮುಂಚೆ ಉಲ್ಲಾಸ ಬಂದಿದ್ದಾನೋ ಎಂದು ನೋಡಿಕೊಂಡರು. ಬಂದಿಲ್ಲದಿದ್ದರೆ ಫೋನು ಮಾಡಿ ಕರೆಸಿದರು. ಟ್ಯಾಂಕರಿನ ಹೊತ್ತಿಗಾಗಿ ಆರು ಜನ ಒಟ್ಟಾಗಿ ಹೋಗಿ ಮಾತಾಡಿ ಬಂದರು, ಹೋಗುವಾಗಿನದನ್ನೂ ಬರುವಾಗಿನದನ್ನೂ ಹಿಡಿಯಬೇಕೆಂದು ಕೇಳಿಕೊಂಡರು. ಸ್ಫೂರ್ತಿ ಬೇಕಾದ್ದನ್ನು ಇಟ್ಟಳು, ಬೇಡದ್ದನ್ನು ಬಿಟ್ಟಳು. ಅಧ್ಯಕ್ಷರ ನಿದ್ದೆಯನ್ನು ತೆಗೆದಳು. ಆಕಳಿಕೆಯನ್ನು ತೆಗೆಯಲಿಲ್ಲ.

ಸುವರ್ಣ ಮಹೋತ್ಸವದ ದಿನ ಚಿತ್ರ ತೋರಿಸಿದರು. ಮೂವತ್ತೆರಡು ನಿಮಿಷ. ಹನ್ನೊಂದು ನಿರ್ದೇಶಕರು ಎದುರಿನ ಸಾಲಿನಲ್ಲಿ ಅಲುಗಾಡದೆ ಕೂತು ನೋಡಿದರು. ದುರ್ಗಿ ಇಳಿಜಾರು ದಾರಿಯಲ್ಲಿ ಕ್ಯಾನು ಹಿಡಿದು ನಡೆದು ಹೋದಾಗ ಊರು ಚಪ್ಪಾಳೆ ತಟ್ಟಿತು. ದುರ್ಗಿ ಮಾತ್ರ ತನ್ನ ಸೀರೆಯ ಬಣ್ಣ ಪರದೆಯ ಮೇಲೆ ಸರಿಯಾಗಿ ಬಂದಿಲ್ಲವೆಂದು ಉಲ್ಲಾಸನಿಗೆ ಅಲ್ಲಿಯೇ ಹೇಳಿದಳು. ಅವನು ಒಪ್ಪಿಕೊಂಡ; ಬಂದಿರಲಿಲ್ಲ.

ಖಾಲಿಯಿದ್ದ ಎರಡು ಜಾಗಕ್ಕೆ ಮುಂದಿನ ತಿಂಗಳು ಚುನಾವಣೆ ಕರೆದರು. ಇನ್ನು ಮೇಲೆ ಯಾವಾಗ ಬೇಕಾದರೂ ಕ್ಯಾಮೆರಾ ಬರಬಹುದು ಎಂಬ ಹೆದರಿಕೆಗೆ ಯಾರೂ ಅರ್ಜಿ ಹಾಕಲಿಲ್ಲ. ದೇವರು ಹೆಗಡೆಯವರೊಬ್ಬರು ಹಾಕಿದರು. ಅವಿರೋಧವಾಗಿ ಆರಿಸಿ ಬಂದರು. ಆ ಸಂತೋಷದಲ್ಲಿ ಶಿರಸಿಗೆ ಬಂದು, ಅಳಿಯನ ಹೆಗಲ ಮೇಲೆ ಕೈಯಿಟ್ಟು, ನಿರ್ದೇಶಕನ ಕೊಟ್ಟಿಗೆಯಲ್ಲಿ ಒಂದು ದನ ಹೆಚ್ಚಿದ್ದರೆ ಶೋಭೆ ಎಂದು ಬೆಳ್ಳಿಯನ್ನು ದೊಡ್ಮನೆಗೆ ಹೊಡೆದುಕೊಂಡು ಹೋದರು. ಇನ್ನೊಂದು ಜಾಗ ಇವತ್ತಿಗೂ ಖಾಲಿಯಿದೆ.

ಇದಾಗಿ ಹದಿನೈದು ದಿನಕ್ಕೆ ಯಲ್ಲಾಪುರದ ಕಡೆಯ ಒಂದು ಹಳ್ಳಿಯಿಂದ ಮೂವರು ಗಂಡಸರೂ ಒಬ್ಬ ಹೆಂಗಸೂ ಸ್ಟುಡಿಯೊದ ಮೆಟ್ಟಿಲು ಹತ್ತಿ ಬಂದರು. ಹೆಂಗಸಿನ ಹೆಸರು ಸುಬ್ಬಿ. ಅವರಲ್ಲಿ ಹಿರಿಯವನು ಮಾತು ತೆಗೆದು, ತಮ್ಮಲ್ಲಿಯೂ ಒಂದು ಸಂಘವಿದೆ, ಕಮಿಟಿಯವರು ಅತ್ತ ಸುಳಿಯುವುದಿಲ್ಲ, ತಮಗೆ ಸಿನಿಮಾ ಗಿನಿಮಾ ಬೇಡ, ಅಷ್ಟು ಶ್ರಮ ಕೊಡುವುದಿಲ್ಲ, ಕ್ಯಾಮೆರಾದ ಒಳಗೆ ಏನೂ ಇಲ್ಲದಿದ್ದರೂ ಅಡ್ಡಿಯಿಲ್ಲ, ನಾಲ್ಕು ದಿನ ಇಬ್ಬರೂ ಬಂದು ನಮ್ಮ ಸಂಘದ ಬಾಗಿಲಲ್ಲಿ ನಿಂತರೆ ಸಾಕು ಎಂದ.

ಉಲ್ಲಾಸ ಎದ್ದು ನಿಂತ. ಹಾಗೆ ಬಂದು ಬರೀ ನಿಲ್ಲುವವರು ತಾವಲ್ಲ ಎಂದ. ಬಂದರೆ ಚಿತ್ರ ಮಾಡಿಯೇ ಹೋಗುವುದು, ಅರ್ಧ ತಾಸಿನದು; ಒಂದು ತಿಂಗಳು ಹಿಡಿದರೂ ಬಿಡುವುದಿಲ್ಲ ಎಂದ. ಗಂಡಸರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದಿನ ಅವರಿಗೆ ಪುರುಸೊತ್ತಿರಲಿಲ್ಲ.

ಸುಬ್ಬಿ ಸ್ಫೂರ್ತಿಯ ಕಡೆ ತಿರುಗಿ, ಚಿತ್ರ ತೋರಿಸುವ ದಿನ ಕಮಿಟಿಯವರು ಎಲ್ಲಿ ಕೂರುತ್ತಾರೆ ಎಂದು ಕೇಳಿದಳು. ಎಲ್ಲರಿಗಿಂತ ಮುಂದೆ, ಎದುರಿನ ಸಾಲಿನಲ್ಲಿ ಎಂದಳು ಸ್ಫೂರ್ತಿ.

“ಹಂಗಾರೆ ನಾಳೆನೇ ಬನ್ನಿ,” ಎಂದಳು ಸುಬ್ಬಿ.